ಕವಿತೆಯೂ ಕಿವಿಯೂ

ಒಂದು ಕವಿತೆ ಪೂರ್ಣವಾಗುವುದು ಯಾವಾಗ? ಕವಿಯು ಕಡೆಯ ಸಾಲನ್ನು ಬರೆದು ಲೇಖನಿಯನ್ನು ಕೆಳಗಿಟ್ಟಾಗಲೋ? ಅದು ಅಚ್ಚಾಗಿ ಪತ್ರಿಕೆಯಲ್ಲಿ ಕಾಣಿಸಿಕೊಂಡಾಗಲೋ? ಅಥವಾ ಇವೆರಡರ ನಡುವೆ ಮತ್ತಾವುದೋ ಒಂದು ಗಳಿಗೆಯಲ್ಲೋ? ಕಾಲೇಜಿನಲ್ಲಿ ಕಾವ್ಯಪಾಠ ಹೇಳುವ ನಮ್ಮಂಥವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ. ನಮ್ಮ ಕೈಗೆ ಬರುವ ಕವಿತೆಗಳೆಲ್ಲ ಆಗಲೇ ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು, ಕೆಳಗೆ ಟಿಪ್ಪಣಿಗಳನ್ನೂ ಹೊತ್ತು ಬಂದಿರುತ್ತವೆ. ಅವು ಮೊದಲು ಯಾರ ಮುಂದೆ ಬಾಯಿ ತೆರೆದುವು, ಯಾರು ತಲೆದೂಗಿದರು, ಯಾರು ಮುಖ ಸಿಂಡರಿಸಿದರು ಎಂಬುದು ಪುಟದ ಮೇಲೆ ಕಾಣದು. ಈ ದಿನ ನಾವು ತಮ್ಮ ಮುಂದೆ ಹೇಳಹೊರಟಿರುವುದು ಪುಟದ ಮೇಲೆ ಕಾಣದ ಆ ಭಾಗವನ್ನು ಕುರಿತು.

ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲೆಗಳ ಕಡಲತೀರವೇ ಸಾಕು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ. ನಡುವೆ ಕಿರಿದಾದ ನೆಲ. ಈ ನೆಲದಲ್ಲಿ ಒಂದೇ ಮನೆಯವರು ಒಲೆಯ ಮುಂದೆ ಕೊಂಕಣಿಯನ್ನೂ, ಶಾಲೆಯಲ್ಲಿ ಕನ್ನಡವನ್ನೂ, ಸಂತೆಯಲ್ಲಿ ಎರಡನ್ನೂ ಬೆರೆಸಿ ಆಡುವುದು ಸಾಮಾನ್ಯವಾದ ಸಂಗತಿ. 1862ರಲ್ಲಿ ಈ ಸೀಮೆಯನ್ನು ಮದರಾಸಿನ ಆಡಳಿತದಿಂದ ಮುಂಬಯಿಯ ಆಡಳಿತಕ್ಕೆ ಸೇರಿಸಿದರು. 1956ರಲ್ಲಿ ಕನ್ನಡನಾಡು ಒಂದಾದಾಗ ಅದು ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ಹಲವು ನುಡಿಗಳ, ಹಲವು ಆಡಳಿತಗಳ ಗಡಿಯಲ್ಲಿ ಬೆಳೆದ ಜನರ ಕಿವಿ ಬಹು ಚುರುಕಾಗಿರುತ್ತದೆ. ಕವಿತೆಗೆ ಬೇಕಾದುದೂ ಅದೇ.

ಮೊದಲು ಕಾರವಾರದ ಒಂದು ಬೆಳುದಿಂಗಳ ರಾತ್ರಿಯನ್ನು ನೆನೆಯೋಣ. 1883ರ ಮಾತು. ಭಾರತೀಯರಲ್ಲಿ ಮೊದಲನೆಯ ಸಿವಿಲ್ ಸರ್ವೀಸ್ ಅಧಿಕಾರಿಯಾದ ಸತ್ಯೇಂದ್ರನಾಥ ಠಾಕೂರರು ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು, ಇಪ್ಪತ್ತೆರಡು ವರ್ಷದ ತರುಣ, ಅಣ್ಣನ ಬಳಿ ಬಂದು ಇಳಿದುಕೊಂಡಿದ್ದರು. ಒಂದು ಸಂಜೆ ಮನೆಮಂದಿಯೆಲ್ಲ ಸಣ್ಣ ದೋಣಿಯೊಂದರಲ್ಲಿ ಕಾಳಿ ನದಿಯನ್ನು ಎದುರೇರಿ ಹೋದರು. ಶಿವಾಜಿಯ ಕಾಲದ ಗುಡ್ಡದ ಕೋಟೆಯೊಂದರ ಬಳಿ ದೋಣಿಯನ್ನು ನಿಲ್ಲಿಸಿ, ರೈತನೊಬ್ಬನ ಚೊಕ್ಕವಾಗಿ ಗುಡಿಸಿದ ಅಂಗಳದಲ್ಲಿ ಕುಳಿತು, ತಂದಿದ್ದ ಬುತ್ತಿಯನ್ನು ಉಂಡರು. ಹಿಂದಿರುಗುವಾಗ ದೋಣಿಯನ್ನು ಹೊಳೆಯ ಸೆಳವಿಗೇ ಬಿಟ್ಟರು. ಅಳಿವೆಯನ್ನು ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗಿದ್ದಿತು. ಅಲ್ಲಿ ದೋಣಿಯಿಂದಿಳಿದು ಮರಳ ಮೇಲೆ ನಡೆದೇ ಮನೆಗೆ ಬಂದರು. ಕಡಲಿನಲ್ಲಿ ಅಲೆಯಿಲ್ಲ, ಎಂದೂ ಸುಮ್ಮನಿರದ ಗಾಳಿಮರಗಳೂ ಸುಮ್ಮನಿದ್ದುವು.

ಆ ರಾತ್ರಿ ತರುಣ ಕವಿಗೆ ನಿದ್ದೆ ಬರಲಿಲ್ಲ. ಅಂದೇ ಅವರು ಒಂದು ಕವಿತೆಯನ್ನು ಬರೆದರು. ಇಷ್ಟೇ ಆಗಿದ್ದರೆ ಇದು ಕವಿಗಳ ಜೀವನಚರಿತ್ರೆಗಳಲ್ಲಿ ಬರುವ ನೂರು ಪ್ರಸಂಗಗಳಲ್ಲಿ ಒಂದಾಗುತ್ತಿದ್ದಿತು. ಆದರೆ ಸುಮಾರು ಮೂವತ್ತು ವರ್ಷಗಳ ತರುವಾಯ, ತಮ್ಮ ‘ಜೀವನಸ್ಮೃತಿ’ಯಲ್ಲಿ ಆ ರಾತ್ರಿಯನ್ನು ವರ್ಣಿಸಿದಾಗ, ರವೀಂದ್ರರು ಆ ಕವಿತೆಯನ್ನು ತಾವೇ ಪರೀಕ್ಷೆಗೆ ಒಡ್ಡುತ್ತಾರೆ. ಅದು ಆ ರಾತ್ರಿಯ ನೆನಪಿಗೆ ಅಂಟಿಕೊಂಡಿರುವುದರಿಂದ ತಮಗೆ ಪ್ರಿಯವೇ ಹೊರತು, ಕವಿತೆಯಾಗಿ ಅದರ ಬೆಲೆಯೇನೆಂಬುದು ಬೇರೆಯ ಪ್ರಶ್ನೆ ಎಂಬುದು ಅವರ ಮಾತಿನ ಇಂಗಿತ. ಭಾವವು ತುಂಬಿ ಹರಿಯುತ್ತಿರುವ ಹೊತ್ತು ಕವಿತೆಯ ಹೊತ್ತಲ್ಲ. ಅನುಭವದಿಂದ ಒಂದಿಷ್ಟು ದೂರ ಸರಿದ ಮೇಲೆ, ನೆನಪೆಂಬ ಕುಂಚವು ಬಳಿಯುವ ಬಣ್ಣವೇ ಕಾವ್ಯದ ನಿಜವಾದ ಬಣ್ಣ ಎಂದು ಅವರು ಅಭಿಪ್ರಾಯಪಡುತ್ತಾರೆ.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಇಲ್ಲಿ ವರ್ಡ್ಸ್‌ವರ್ತ್ ಕವಿ ನೆನಪಾಗುವುದು ಸಹಜ. ಅವನು 1800ರಲ್ಲಿ ‘ಲಿರಿಕಲ್ ಬ್ಯಾಲಡ್ಸ್’ ಸಂಗ್ರಹಕ್ಕೆ ಬರೆದ ಪೀಠಿಕೆಯಲ್ಲಿ, ಹಿಂದೆ ಅನುಭವಿಸಿದ ಭಾವವನ್ನು ಶಾಂತವಾದ ಮನಸ್ಸು ಮತ್ತೆ ನೆನೆದಾಗ ಕವಿತೆ ಹುಟ್ಟುತ್ತದೆ ಎಂಬ ತತ್ತ್ವವನ್ನು ಮಂಡಿಸಿದ್ದಾನೆ. ವರ್ಡ್ಸ್‌ವರ್ತ್ ಹೇಳಿದುದು ತತ್ತ್ವ. ರವೀಂದ್ರರದು ಒಪ್ಪಿಗೆ; ತಮ್ಮದೇ ಕವಿತೆಯನ್ನು ಮುಂದಿಟ್ಟು ಆಡಿದ ಮಾತು. ಅದೇ ಕಾರವಾರದ ವಾಸದಲ್ಲಿ ಅವರು ‘ಪ್ರಕೃತಿರ್ ಪ್ರತಿಶೋಧ’ ಎಂಬ ಪದ್ಯನಾಟಕವನ್ನೂ ಬರೆದರು. ತಮ್ಮ ಮುಂದಿನ ಬರೆಹಗಳಿಗೆಲ್ಲ ಅದೇ ಮುನ್ನುಡಿಯೆಂಬಂತೆ ಅವರು ಕಂಡರು. ಒಂದೇ ಕಡಲತೀರದಲ್ಲಿ ಅವಸರದ ಕವಿತೆಯೂ ಹುಟ್ಟಿತು, ಬಾಳಿನುದ್ದಕ್ಕೂ ಬೆಳೆದ ಕೃತಿಯೂ ಹುಟ್ಟಿತು. ಇವೆರಡರಲ್ಲಿ ಯಾವುದು ಯಾವುದೆಂಬುದನ್ನು ತಿಳಿಯಲು ಕವಿಗೂ ಕಾಲ ಬೇಕಾಯಿತು.

ಹಾಗಾದರೆ ಹೊಸದಾಗಿ ಬರೆಯುವವರು ಮಾಡಬೇಕಾದುದೇನು? ಬರೆಯದೆ ಸುಮ್ಮನಿರಬೇಕೆಂದು ನಾವು ಹೇಳುವುದಿಲ್ಲ. ಬಂದದ್ದನ್ನು ಬಂದ ರಾತ್ರಿಯೇ ಬರೆದಿಡಲಿ. ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಅದು ಹಾರಿಹೋದೀತು. ಆದರೆ ಬರೆದ ಹಾಳೆಯನ್ನು ಮಡಿಸಿ ಒಂದು ಕಡೆ ಇಡಲಿ. ಹದಿನೈದು ದಿನ, ತಿಂಗಳು ಕಳೆದ ಮೇಲೆ ತೆಗೆದು ನೋಡಿದರೆ ಕೆಲವು ಸಾಲುಗಳು ನಾಚಿಕೆಯನ್ನು ಹುಟ್ಟಿಸುತ್ತವೆ. ಎಲ್ಲಿ ಭಾವವಿರಬೇಕಾಗಿತ್ತೋ ಅಲ್ಲಿ ಬರಿಯ ಆಶ್ಚರ್ಯಚಿಹ್ನೆಯಿರುತ್ತದೆ; ಎಲ್ಲಿ ವಸ್ತು ಕಾಣಬೇಕಾಗಿತ್ತೋ ಅಲ್ಲಿ ವಿಶೇಷಣಗಳು ಸಾಲುಗಟ್ಟಿ ನಿಂತಿರುತ್ತವೆ. ‘ಸುಂದರ’ ಎಂಬ ಶಬ್ದವನ್ನು ಹೊಡೆದುಹಾಕಿದರೂ ಸಂಜೆಯು ಸುಂದರವಾಗಿಯೇ ಉಳಿದರೆ ಆ ಸಾಲು ಬದುಕಿತು. ಶಬ್ದದೊಡನೆ ಸಂಜೆಯೂ ಹೋದರೆ ಅಲ್ಲಿ ಸಂಜೆಯೇ ಇರಲಿಲ್ಲವೆಂದು ತಿಳಿಯಬೇಕು.

ಈ ನಾಡಿನ ಕವಿಗಳಲ್ಲಿ ಇಂಥ ತಾಳ್ಮೆಗೆ ನಿದರ್ಶನ ಬೇಕಾದರೆ ಗಂಗಾಧರ ಚಿತ್ತಾಲರಿದ್ದಾರೆ. ಅಂಕೋಲೆಯ ತಾಲೂಕು ಗಂಗಾವಳಿ ನದಿಯಲ್ಲಿ ಮುಗಿಯುತ್ತದೆ. ಆಚೆಯ ದಡ ಕುಮಟೆಯದು. ಅಲ್ಲಿನ ಹನೇಹಳ್ಳಿಯಲ್ಲಿ 1923ರಲ್ಲಿ ಹುಟ್ಟಿದ ಅವರು 1948ರಲ್ಲಿ ‘ಕಾಲದ ಕರೆ’ಯನ್ನು ಹೊರತಂದರು. ‘ಮನುಕುಲದ ಹಾಡು’, ‘ಹರಿವ ನೀರಿದು’, ‘ಸಂಪರ್ಕ’ ಇವು ಅನಂತರದವು. ಒಂದು ಬಾಳಿಗೆ ನಾಲ್ಕು ಕವನಸಂಗ್ರಹಗಳು! ಆದರೂ ಕನ್ನಡ ಕಾವ್ಯದ ಮಾತೆತ್ತಿದವರು ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ತಾಳ್ಮೆಯೆಂದರೆ ವಯಸ್ಸಾಗಬೇಕೆಂದೇನೂ ಅಲ್ಲ. ಅದೇ ಸೀಮೆಯ ಗೋಕರ್ಣದ ಜಯಂತ ಕಾಯ್ಕಿಣಿಯವರ ಮೊದಲನೆಯ ಸಂಗ್ರಹ 1974ರಲ್ಲಿ ಬಂದಾಗ ಅವರಿಗೆ ಇನ್ನೂ ಹತ್ತೊಂಬತ್ತು ವರ್ಷ. ಆ ಪುಸ್ತಕಕ್ಕೆ ರಾಜ್ಯದ ಸಾಹಿತ್ಯ ಅಕಾಡೆಮಿಯ ಬಹುಮಾನವೂ ದೊರೆಯಿತು. ಆ ಸಂಗ್ರಹದ ಹೆಸರು ‘ರಂಗದಿಂದೊಂದಿಷ್ಟು ದೂರ’. ಇಲ್ಲಿಯೂ ದೂರದ ಮಾತೇ ಇರುವುದು ನಮಗೆ ಅರ್ಥವತ್ತಾಗಿ ತೋರುತ್ತದೆ.

ಇನ್ನು ಕಾರವಾರದಿಂದ ದಕ್ಷಿಣಕ್ಕೆ, ಸುಮಾರು 35 ಕಿಲೋಮೀಟರ್ ದೂರದ ಅಂಕೋಲೆಗೆ ಬರೋಣ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕಕ್ಕೆಲ್ಲ ಮುಂದಾಳಾಗಿ ನಿಂತ ಊರು ಇದು. ಈ ತಾಲೂಕಿನ ಬಡಗೇರಿಯಲ್ಲಿ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರು ಬಾಳಿದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ತಾಯಿಯಿಂದ ಕಲಿತ ಹಾಡುಗಳು ಅವರ ನಾಲಗೆಯ ಮೇಲೆ ರಾಶಿರಾಶಿಯಾಗಿ ಇದ್ದುವು. ಕಾರವಾರದ ಆಕಾಶವಾಣಿಯು ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ‘ಸುಕ್ರಜ್ಜಿ’ ಎಂದು ನಾಡೆಲ್ಲ ಕರೆದ ಆ ತಾಯಿಯನ್ನು ಸನ್ಮಾನಿಸುವಾಗ ನಮ್ಮಂಥ ಅಕ್ಷರಸ್ಥರು ಒಂದು ತಪ್ಪನ್ನು ಮಾಡುತ್ತಿದ್ದೆವು. ಅವರು ಓದದಿದ್ದರೂ ಹಾಡುತ್ತಾರೆ ಎಂದು ಅಚ್ಚರಿಪಡುತ್ತಿದ್ದೆವು. ಓದಿದ ನಾವು ಒಂದು ಕವಿತೆಯನ್ನಾದರೂ ಪುಸ್ತಕವಿಲ್ಲದೆ ಪೂರ್ತಿಯಾಗಿ ಹೇಳಬಲ್ಲೆವೇ ಎಂಬ ಪ್ರಶ್ನೆ ನಮಗೆ ಹೊಳೆಯಲಿಲ್ಲ.

ಹಾಡಿನ ಲೋಕದಲ್ಲಿ ಬರೆಹವೂ ಇಲ್ಲ, ಮುದ್ರಣವೂ ಇಲ್ಲ, ಆದರೆ ಪ್ರಕಟಣೆಯುಂಟು. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ. ಹಿಡಿದುಕೊಂಡದ್ದು ಉಳಿಯುತ್ತದೆ, ನಾಲಗೆಗೆ ತೊಡಕಾದುದು ಮುಂದಿನ ಸಲದ ಹೊತ್ತಿಗೆ ತಾನಾಗಿ ನಯವಾಗಿರುತ್ತದೆ, ಇಲ್ಲವೇ ಬಿದ್ದುಹೋಗಿರುತ್ತದೆ. ನಾಟಿಯ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸರು ವಿಮರ್ಶೆಯನ್ನು ಬರೆಯುವುದಿಲ್ಲ. ಮತ್ತೆ ಹಾಡುತ್ತಾರೆ, ಅಥವಾ ಹಾಡುವುದಿಲ್ಲ. ಇದಕ್ಕಿಂತ ನಿಷ್ಠುರವಾದ ಸಂಪಾದಕಮಂಡಲಿ ಯಾವ ಪತ್ರಿಕೆಗೂ ದೊರೆತಿಲ್ಲ.

ಅಚ್ಚಿನ ಕಾಲದ ಕವಿಗೆ ಈ ಪರೀಕ್ಷೆ ತಪ್ಪಿಹೋಯಿತು. ಹಳೆಯ ಕನ್ನಡ ಪದ್ಯದಲ್ಲಿ ಪ್ರತಿಯೊಂದು ಪಾದದ ಎರಡನೆಯ ಅಕ್ಷರವೂ ಒಂದೇ ಆಗಿರಬೇಕೆಂಬ ಪ್ರಾಸನಿಯಮವಿದ್ದಿತು. ಅದು ನೆನಪಿಗೆ ಊರುಗೋಲು. ಕಾಲಕ್ರಮದಲ್ಲಿ ಆ ಊರುಗೋಲೇ ಕಾಲಿಗೆ ಸಂಕೋಲೆಯಾಯಿತು. ರವೀಂದ್ರರು ಕಾರವಾರದಲ್ಲಿದ್ದ 1883ರಲ್ಲಿಯೇ ಮಂಜೇಶ್ವರದಲ್ಲಿ ಹುಟ್ಟಿದ ಗೋವಿಂದ ಪೈಗಳು, 1911ರಲ್ಲಿ ಆ ಪ್ರಾಸವನ್ನು ಬಿಟ್ಟು ಬರೆಯಲು ಧೈರ್ಯಮಾಡಿದರು. ಇಂದು ಅದು ನಮಗೆ ಸಣ್ಣ ಸಂಗತಿಯಾಗಿ ತೋರುತ್ತದೆ. ಅಂದು ಅದು ಪಂಡಿತರ ಕೋಪಕ್ಕೆ ಗುರಿಯಾಗುವ ಕೆಲಸವಾಗಿದ್ದಿತು. ಮುಂದೆ ಛಂದಸ್ಸಿನ ಇತರ ಕಟ್ಟುಗಳೂ ಒಂದೊಂದಾಗಿ ಸಡಿಲವಾದುವು. ಈಗ ಬರೆಯುವ ತರುಣರಲ್ಲಿ ಬಹುಮಂದಿ ಯಾವ ಕಟ್ಟೂ ಇಲ್ಲದೆ ಬರೆಯುತ್ತಾರೆ.

ಇದು ತಪ್ಪಲ್ಲ. ಆದರೆ ಪ್ರಾಸವನ್ನು ಬಿಟ್ಟವರು ಕಿವಿಯನ್ನೂ ಬಿಡಬೇಕೆಂದು ಯಾರೂ ಹೇಳಲಿಲ್ಲ. ನವ್ಯಕಾವ್ಯಕ್ಕೆ ದಾರಿ ತೆರೆದ ಗೋಪಾಲಕೃಷ್ಣ ಅಡಿಗರು 1954ರ ತಮ್ಮ ಸಂಗ್ರಹಕ್ಕೆ ಕರಾವಳಿಯ ಯಕ್ಷಗಾನದ ವಾದ್ಯಗಳ ಹೆಸರನ್ನೇ ಇಟ್ಟು ‘ಚಂಡೆಮದ್ದಳೆ’ ಎಂದು ಕರೆದರು. ಹಳೆಯ ಲಯವನ್ನು ಮುರಿಯುವವನಿಗೆ ಹಳೆಯ ಲಯವು ಚೆನ್ನಾಗಿ ಕೇಳಿಸಿರಬೇಕು. ಧಾರವಾಡದಲ್ಲಿ ಬೇಂದ್ರೆಯವರು ಗೆಳೆಯರ ಗುಂಪಿನ ನಡುವೆ ಹಾಡಿ ತೋರಿಸಿದ ಕವಿತೆಗಳು ಅಚ್ಚಿಗೆ ಹೋಗುವ ಮೊದಲೇ ಜನರ ಬಾಯಲ್ಲಿ ಇದ್ದುವು. 1932ರಲ್ಲಿ ‘ಗರಿ’ ಪ್ರಕಟವಾದಾಗ ಅದು ಕೇಳಿದವರ ಕೈಗೇ ಬಂದ ಪುಸ್ತಕವಾಗಿದ್ದಿತು. ಬರೆದುದನ್ನು ಗಟ್ಟಿಯಾಗಿ ಓದಬೇಕು. ತನಗೆ ತಾನೇ ಓದಿಕೊಂಡರೆ ಸಾಲದು, ಇನ್ನೊಬ್ಬರ ಮುಂದೆ ಓದಬೇಕು. ಎಲ್ಲಿ ಉಸಿರು ತಡೆಯಿತೋ, ಎಲ್ಲಿ ಕೇಳುವವರ ಕಣ್ಣು ಕಿಟಕಿಯ ಕಡೆಗೆ ಹೋಯಿತೋ ಅಲ್ಲಿ ಕೆಲಸ ಉಳಿದಿದೆಯೆಂದು ಅರ್ಥ.

ಹೀಗೆ ಉಪದೇಶಿಸುವ ನಾವು ಕೇಳುವವರ ಸ್ಥಾನದಲ್ಲಿ ಹೇಗೆ ನಡೆದುಕೊಂಡೆವೆಂಬುದನ್ನೂ ಹೇಳಬೇಕು. ಹಲವು ವರ್ಷಗಳ ಹಿಂದೆ ಕಾರವಾರದ ಬದಿಯ ಮೀನುಗಾರರ ಮನೆಯ ಹುಡುಗನೊಬ್ಬನು ನಮ್ಮ ತರಗತಿಯಲ್ಲಿದ್ದನು. ಮಾತು ಕಡಿಮೆ. ಒಂದು ದಿನ ಪಾಠ ಮುಗಿದ ಮೇಲೆ, ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯೊಂದನ್ನು ನಮ್ಮ ಕೈಗೆ ಕೊಟ್ಟು, ಉತ್ತರಕ್ಕೂ ನಿಲ್ಲದೆ ಹೊರಟುಹೋದನು. ಅದೊಂದು ಕವಿತೆ. ವಸ್ತು ಅವನ ಅಜ್ಜಿ, ಮತ್ತು ರಾಂಪಣಿ. ರಾಂಪಣಿಯೆಂದರೆ ನಮ್ಮ ಕಡಲತೀರದ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಕಡಲನ್ನು ಬಳಸಿ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಳೆಯಬೇಕು. ಹತ್ತಾರು ಜನ ಸೇರದೆ ಅದು ಬಾರದು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಯಂತ್ರದ ದೋಣಿಗಳೂ ಅವುಗಳ ದೊಡ್ಡ ಬಲೆಗಳೂ ಬಂದ ಮೇಲೆ ರಾಂಪಣಿ ಹಿಂದೆ ಸರಿಯಿತು. ಹುಡುಗನ ಅಜ್ಜಿ ಹರೆಯದಲ್ಲಿ ಆ ಹಗ್ಗವನ್ನು ಹಿಡಿದವಳು. ಈಗ ನಿದ್ದೆಯಲ್ಲಿಯೂ ಎರಡು ಕೈಗಳನ್ನು ಎದೆಯ ಕಡೆಗೆ ಎಳೆದುಕೊಳ್ಳುತ್ತಾಳೆ. ಕವಿತೆಯಲ್ಲಿ ಇದ್ದುದು ಅಷ್ಟೇ.

ಕವಿತೆ ನಮಗೆ ಮೆಚ್ಚಿಕೆಯಾಯಿತು. ಮೆಚ್ಚಿಕೆಯಾದ್ದರಿಂದಲೇ ತಿದ್ದಿದೆವು. ಅವನ ಮನೆಯ ಕೊಂಕಣಿಯಿಂದ ಬಂದ ಎರಡು ಮೂರು ಮಾತುಗಳನ್ನು ತೆಗೆದು ಒಳ್ಳೆಯ ಕನ್ನಡವನ್ನು ಹಾಕಿದೆವು. ಘಟ್ಟದ ಮೇಲಿನ ಓದುಗರಿಗೆ ತಿಳಿಯದೆಂದು ‘ರಾಂಪಣಿ’ಯನ್ನು ಹೊಡೆದು ‘ಮಹಾಜಾಲ’ವೆಂದು ಬರೆದೆವು. ಕೊನೆಗೆ, ಅರ್ಥ ಸ್ಪಷ್ಟವಾಗಲೆಂದು, ಬಾಳೇ ಒಂದು ಕಡಲೆಂಬ ಭಾವದ ಎರಡು ಸಾಲುಗಳನ್ನು ನಾವೇ ಸೇರಿಸಿದೆವು. ಕವಿತೆ ಅಚ್ಚಾಯಿತು. ಓದಿದವರು ಹೊಗಳಿದರು; ಕೊನೆಯ ಎರಡು ಸಾಲುಗಳನ್ನು ವಿಶೇಷವಾಗಿ ಹೊಗಳಿದರು.

ಒಂದು ವಾರದ ಮೇಲೆ ಹುಡುಗನನ್ನು ಕರೆದು, ಸಂತೋಷವಾಯಿತೇ ಎಂದು ಕೇಳಿದೆವು. ‘ಆಯಿತು ಸರ್’ ಎಂದನು. ಸ್ವಲ್ಪ ಹೊತ್ತು ತಡೆದು, ‘ಅಜ್ಜಿಗೆ ಓದಿ ಹೇಳಿದೆ. ಪೂರಾ ಕೇಳಿ, ಇದು ಯಾರ ಮನೆಯ ಬಲೆ ಎಂದಳು’ ಎಂದನು. ಅದರಲ್ಲಿ ದೂರಿನ ಧ್ವನಿಯಿರಲಿಲ್ಲ. ವರದಿ ಒಪ್ಪಿಸಿದಂತೆ ಹೇಳಿದನು. ಆಗ ನಾವು ನಕ್ಕೆವು. ಮತ್ತೊಂದು ಬರೆದು ತಾ ಎಂದೆವು. ತರುತ್ತೇನೆ ಸರ್ ಎಂದನು, ತರಲಿಲ್ಲ. ಅವನು ಪದವಿಯನ್ನು ಮುಗಿಸಿ ಹೋಗುವವರೆಗೂ ನಮಗೆ ನಮಸ್ಕಾರ ಮಾಡುತ್ತಲೇ ಇದ್ದನು, ಹಾಳೆಯನ್ನು ಮಾತ್ರ ಮತ್ತೆ ಕೊಡಲಿಲ್ಲ. ಮೂಲದ ಹಾಳೆಯನ್ನು ನಾವು ಇಟ್ಟುಕೊಳ್ಳಲಿಲ್ಲ. ಈಗ ನಮ್ಮ ಬಳಿ ಇರುವುದು ‘ಮಹಾಜಾಲ’ವೊಂದೇ.

ಅಜ್ಜಿಯ ಆ ಒಂದು ಪ್ರಶ್ನೆಯಲ್ಲಿ ಇದ್ದ ವಿಮರ್ಶೆಯನ್ನು ಅರ್ಥಮಾಡಿಕೊಳ್ಳಲು ನಮಗೆ ವರ್ಷಗಳು ಬೇಕಾದುವು. ರಾಂಪಣಿ ಕಡಲತೀರದಿಂದ ಹೋದುದು ಯಂತ್ರದಿಂದ. ಕವಿತೆಯಿಂದ ಹೋದುದು ನಮ್ಮ ಕೆಂಪು ಮಸಿಯಿಂದ. ಕೇಳುವವನ ಕೆಲಸ ಏನೆಂಬುದನ್ನು ನಾವು ಅರಿತಿರಲಿಲ್ಲ. ತಾನು ಬರೆದಿದ್ದರೆ ಹೇಗೆ ಬರೆಯುತ್ತಿದ್ದೆನೆಂಬುದನ್ನು ಹೇಳುವುದು ಅವನ ಕೆಲಸವಲ್ಲ. ತನಗೆ ಏನು ಕೇಳಿಸಿತು, ಎಲ್ಲಿ ಕೇಳಿಸಲಿಲ್ಲ, ಯಾವ ಮಾತು ಮನೆಗೆ ಹೋದ ಮೇಲೂ ಉಳಿಯಿತು, ಇಷ್ಟನ್ನು ಹೇಳಿದರೆ ಸಾಕು. ‘ಈ ಶಬ್ದ ನನಗೆ ತಿಳಿಯದು’ ಎನ್ನಬಹುದು. ‘ಈ ಶಬ್ದವನ್ನು ತೆಗೆ’ ಎನ್ನಬಾರದು. ತಿಳಿಯದ ಶಬ್ದವೇ ಆ ಕವಿತೆಯ ಬೇರಾಗಿರಬಹುದು. ಹೊಗಳುವುದಾದರೂ ಹಾಗೆಯೇ. ಚೆನ್ನಾಗಿದೆ ಎಂಬ ಮಾತಿನಿಂದ ಕವಿಗೆ ಯಾವ ಉಪಕಾರವೂ ಇಲ್ಲ. ಅಜ್ಜಿಯ ಕೈ ನಿದ್ದೆಯಲ್ಲಿ ಹಗ್ಗ ಎಳೆಯುವುದು ಕಣ್ಣಿಗೆ ಕಟ್ಟಿತು ಎಂದಿದ್ದರೆ ಆ ಹುಡುಗನು ಬಹುಶಃ ಇನ್ನೊಂದು ಹಾಳೆಯನ್ನು ತರುತ್ತಿದ್ದನು.

ಇನ್ನು ಪ್ರಕಟಣೆಯ ವಿಚಾರ. ಕವಿತೆ ಯಾರನ್ನು ಮುಟ್ಟಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು, ಅದಕ್ಕೆ ತಕ್ಕ ಅಳತೆಯನ್ನೂ ಹಾದಿಯನ್ನೂ ಹುಡುಕಿದ ಕವಿಯೊಬ್ಬರು ಅಂಕೋಲೆಯಲ್ಲಿಯೇ ಇದ್ದರು. ಅವರು ದಿನಕರ ದೇಸಾಯಿಯವರು. 1909ರಲ್ಲಿ ಹುಟ್ಟಿದ ಅವರು ಎಂ.ಎ., ಎಲ್‌ಎಲ್.ಬಿ. ಓದಿ, ಗೋಖಲೆಯವರ ಭಾರತ ಸೇವಕ ಸಮಾಜಕ್ಕೆ ಸೇರಿ, ಮುಂಬಯಿಯಲ್ಲಿ ಹಡಗಿನ ಕಾರ್ಮಿಕರ ನಡುವೆ ದುಡಿದರು. ಉತ್ತರ ಕನ್ನಡದ ಗೇಣಿದಾರ ರೈತರ ಚಳವಳಿಯನ್ನು ಕಟ್ಟಿದ್ದಕ್ಕಾಗಿ 1940ರಲ್ಲಿ ಸರ್ಕಾರವು ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಗಳಿಗೆ ಶಾಲೆಗಳನ್ನು ಒಯ್ದರು. 1967ರಲ್ಲಿ ಲೋಕಸಭೆಗೆ ಆರಿಸಿಬಂದರು. ಇಷ್ಟರ ನಡುವೆ ಅವರು ಬರೆದ ಚುಟುಕಗಳಿಂದಾಗಿ ಕನ್ನಡಿಗರು ಅವರನ್ನು ‘ಚುಟುಕ ಬ್ರಹ್ಮ’ನೆಂದು ಕರೆದರು.

ಚುಟುಕವೆಂದರೆ ನಾಲ್ಕು ಸಾಲು. ಎರಡೆರಡು ಸಾಲಿಗೆ ಕೊನೆಯಲ್ಲಿ ಪ್ರಾಸ. ಮೊದಲೆರಡು ಸಾಲುಗಳಲ್ಲಿ ಸಾಮಾನ್ಯವಾಗಿ ಸಂದರ್ಭ, ಮೂರನೆಯದರಲ್ಲಿ ತಿರುವು, ನಾಲ್ಕನೆಯದರಲ್ಲಿ ಪೆಟ್ಟು. ಸರ್ವಜ್ಞನ ತ್ರಿಪದಿಯನ್ನು ಕೇಳಿ ಬೆಳೆದ ಕಿವಿಗೆ ಇದು ಹೊಸದಲ್ಲ. ದೇಸಾಯಿಯವರು ಅಂಕೋಲೆಯಿಂದ ‘ಜನಸೇವಕ’ವೆಂಬ ವಾರಪತ್ರಿಕೆಯನ್ನು ನಡೆಸಿದರು, ಚುಟುಕಗಳು ಅದರಲ್ಲಿ ಬಂದುವು. ಪುಸ್ತಕದಂಗಡಿಯ ಮೆಟ್ಟಿಲನ್ನು ಎಂದೂ ಹತ್ತದ ಮನುಷ್ಯನೂ ಪತ್ರಿಕೆಯ ಮೂಲೆಯಲ್ಲಿರುವ ನಾಲ್ಕು ಸಾಲನ್ನು ಒಮ್ಮೆ ಓದಿ, ಪತ್ರಿಕೆಯನ್ನು ಅಲ್ಲಿಯೇ ಬಿಟ್ಟು, ಕವಿತೆಯನ್ನು ಮಾತ್ರ ತನ್ನೊಡನೆ ಒಯ್ಯಬಹುದು. ಅದಕ್ಕೆ ಬೇಕಾಗಿರುವುದು ಒಂದು ಬಾಯಿ, ಇನ್ನೊಂದು ಕಿವಿ. ಸುಕ್ರಜ್ಜಿಯವರ ಗದ್ದೆಗೂ ಅಚ್ಚಿನ ಮೊಳೆಗೂ ನಡುವೆ ದೇಸಾಯಿಯವರು ಹೀಗೆ ಒಂದು ಸಂಕವನ್ನು ಹಾಕಿದರು.

ಇದರ ಅಪಾಯವನ್ನೂ ಹೇಳದೆ ಬಿಡಬಾರದು. ನಾಲ್ಕು ಸಾಲು ಸುಲಭವೆಂದು ತಿಳಿದ ಅನೇಕರು ಅವರ ಹಿಂದೆ ಹೊರಟರು. ಪ್ರಾಸವು ಅರ್ಥವನ್ನು ಎಳೆದುಕೊಂಡು ಹೋಗತೊಡಗಿದರೆ ಚುಟುಕವು ಚಟಾಕಿಯಾಗುತ್ತದೆ. ವಾರದ ಸುದ್ದಿಯನ್ನೇ ನೆಚ್ಚಿದ ಕವಿತೆ ವಾರದೊಡನೆ ಸಾಯುತ್ತದೆ. ದೇಸಾಯಿಯವರ ಚುಟುಕಗಳಲ್ಲಿಯೂ ಹಾಗೆ ಹೋದುವುಂಟು. ಉಳಿದವುಗಳು ಉಳಿದದ್ದು, ಅವುಗಳ ಹಿಂದೆ ಗೇಣಿದಾರನ ಅಂಗಳದಲ್ಲಿ ಕುಳಿತು ಕೇಳಿದ ಕಿವಿಯಿದ್ದುದರಿಂದ. ಬರೆಯುವ ಮೊದಲು ಅವರು ಕೇಳಿದ್ದರು.

ಪುಸ್ತಕ ಪ್ರಕಟಣೆಯ ಕಷ್ಟವಂತೂ ಹಳೆಯದು. ಕವನಸಂಗ್ರಹವೆಂದರೆ ಪ್ರಕಾಶಕರು ಹಿಂಜರಿಯುತ್ತಾರೆ. ಕವಿಯೇ ಹಣ ಹಾಕಿ ಅಚ್ಚು ಹಾಕಿಸಿ, ಪ್ರತಿಗಳನ್ನು ಸ್ನೇಹಿತರಿಗೆ ಹಂಚುವುದು ನಮ್ಮಲ್ಲಿ ರೂಢಿ. ಇದಕ್ಕೆ ಉಪಾಯವನ್ನು ಹುಡುಕಿದವರೂ ಉಂಟು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ತಂದಿತು. ಓದುಗರು ಮೊದಲು, ಪುಸ್ತಕ ಆಮೇಲೆ. ಅಂಕೋಲೆಯ ಅಂಬಾರಕೊಡ್ಲದಲ್ಲಿ ಕವಿ ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನವನ್ನು ನಡೆಸಿ, ಹಳ್ಳಿಯಿಂದಲೇ ಪುಸ್ತಕಗಳನ್ನು ಹೊರಡಿಸಬಹುದೆಂದು ತೋರಿಸಿಕೊಟ್ಟರು. ಮುದ್ರಣಕ್ಕೆ ದೊಡ್ಡ ನಗರವೇ ಬೇಕೆಂಬುದು ಸುಳ್ಳು. ಸುತ್ತಲೂ ಕೇಳುವ ನಾಲ್ಕು ಜನ ಬೇಕೆಂಬುದು ನಿಜ.

ಈಚೆಗೆ ಈ ಕಷ್ಟವೂ ಹಗುರವಾಗಿದೆ. ತರುಣರು ಕವಿತೆಯನ್ನು ಮೊಬೈಲಿನಲ್ಲಿಯೇ ಬರೆಯುತ್ತಾರೆ. ಬರೆದ ಮರುಗಳಿಗೆಯಲ್ಲಿ ಅದು ನೂರಾರು ಜನರನ್ನು ಮುಟ್ಟುತ್ತದೆ. ಅದರ ಮರುಗಳಿಗೆಯಲ್ಲಿ ಮೆಚ್ಚುಗೆಯೂ ಬರುತ್ತದೆ. ಇದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಚ್ಚಿನ ಮನೆಯ ಬಾಗಿಲಲ್ಲಿ ಕಾದು ಬಸವಳಿದ ನಮ್ಮ ತಲೆಮಾರಿಗೆ ಇದು ವರದಂತೆ ಕಾಣುತ್ತದೆ. ಆದರೆ ಇದರಲ್ಲಿ ಎರಡು ಸಂಗತಿಗಳು ಇಲ್ಲದಂತಾದುವು. ಕಾರವಾರದ ಆ ರಾತ್ರಿಗೂ ಅದರ ನೆನಪಿಗೂ ನಡುವೆ ಇದ್ದ ಅವಕಾಶ ಒಂದು. ಎದುರಿಗೆ ಕುಳಿತು ಕೇಳುವವರ ಮುಖ ಇನ್ನೊಂದು. ಹೆಬ್ಬೆರಳಿನ ಮೆಚ್ಚುಗೆಯಿಂದ ಯಾವ ಸಾಲಿನಲ್ಲಿ ಉಸಿರು ತಡೆಯಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ನೂರು ಜನರಿಗೆ ಕಳುಹಿಸುವ ಮುನ್ನ ಒಬ್ಬರ ಮುಂದೆ ಓದಿರೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಆ ಒಬ್ಬರು ಪಂಡಿತರೇ ಆಗಬೇಕಾಗಿಲ್ಲ. ಕವಿತೆಯು ಯಾರನ್ನು ಕುರಿತದ್ದೋ ಅವರಾದರೆ ಬಹಳ ಒಳ್ಳೆಯದು.

ಬಾನುಲಿಯ ಮುಂದೆ ಕುಳಿತಿರುವ ತಮಗೆ ಇದನ್ನು ಹೇಳುವುದರಲ್ಲಿ ಒಂದು ಔಚಿತ್ಯವುಂಟು. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಧ್ವನಿಯನ್ನು ಪ್ರಸಾರ ಮಾಡಲು ತೊಡಗಿದಾಗ, ಅಚ್ಚಿನಲ್ಲಿ ಮೂಕವಾಗಿದ್ದ ಸಾಹಿತ್ಯಕ್ಕೆ ಮತ್ತೆ ಬಾಯಿ ಬಂದಿತು. ಕೇಳುವ ಕಲೆ ನಮ್ಮ ಜನಕ್ಕೆ ಹೊಸದಲ್ಲ. ಓದುವ ಕಲೆಗಿಂತ ಅದು ಹಳೆಯದು. ತಮ್ಮ ಮನೆಯ ಮಗನೋ ಮಗಳೋ, ನೆರೆಮನೆಯ ಹುಡುಗನೋ ಒಂದು ಹಾಳೆಯನ್ನು ಹಿಡಿದು ಸಂಕೋಚದಿಂದ ತಮ್ಮ ಬಳಿಗೆ ಬಂದರೆ, ಆ ಹಾಳೆಯನ್ನು ಇಸಿದುಕೊಳ್ಳಬೇಡಿ. ‘ನೀನೇ ಓದು’ ಎನ್ನಿ. ಕೈಯಲ್ಲಿರುವ ಕೆಲಸವನ್ನು ಬಿಟ್ಟು ಕೇಳಿ.

ನಮ್ಮ ಆ ವಿದ್ಯಾರ್ಥಿ ಈಗ ಎಲ್ಲಿರುವನೆಂದು ನಮಗೆ ತಿಳಿಯದು. ಬರೆಯುತ್ತಿರುವನೇ ಎಂಬುದೂ ತಿಳಿಯದು. ಈ ಭಾಷಣ ಅವನ ಕಿವಿಗೆ ಬೀಳುವುದಾದರೆ ಒಂದು ಮಾತು: ಅದು ನಿಮ್ಮ ಮನೆಯ ಬಲೆಯೇ ಆಗಿತ್ತಪ್ಪ, ಅದರ ಹೆಸರು ರಾಂಪಣಿ. ಎರಡು ಸಾಲು ನಮ್ಮವು, ಅವನ್ನು ತೆಗೆದುಹಾಕು. ಉಳಿದುದನ್ನು ನೀನು ಮತ್ತೆ ಓದಿ ಹೇಳುವುದಾದರೆ, ನಾವು ಈ ಸಲ ಕೇಳುತ್ತೇವೆ.